ನಾಯಿ ಓಕರಿಸಿದರೂ ಏನೂ ಬರುತ್ತಿಲ್ಲವಾದರೆ ಬೆಳಗಿನವರೆಗೆ ಕಾಯಬೇಡಿ
ಊಟ ಆದಮೇಲೆ ನಿಮ್ಮ ಜರ್ಮನ್ ಶೆಫರ್ಡ್ ಒಂದು ಗಂಟೆಯಿಂದ ಓಕರಿಸುತ್ತಿದೆ, ಬರೀ ನೊರೆ ಬರುತ್ತಿದೆ, ಬೆಳಿಗ್ಗೆ ತೋರಿಸಿದರೆ ಸಾಕಾ ಅಂತ ಕೇಳಿದ್ದೀರಿ. ದಯವಿಟ್ಟು ಈಗಲೇ ಪಶು ಆಸ್ಪತ್ರೆಗೆ ಹೊರಡಿ. ಇಂಥ ದೊಡ್ಡ, ಎದೆ ಆಳವಿರುವ ನಾಯಿಗಳಲ್ಲಿ ಜಠರಕ್ಕೆ ಗಾಳಿ ತುಂಬಿ ಅದು ತಿರುಚಿಕೊಳ್ಳಬಹುದು, ಆಗ ಒಳಗಿರುವುದು ಮೇಲೂ ಬರಲ್ಲ ಕೆಳಗೂ ಹೋಗಲ್ಲ, ರಕ್ತದ ಓಡಾಟವೂ ನಿಲ್ಲುತ್ತಾ ಬರುತ್ತದೆ, ಕೆಲವೇ ಗಂಟೆಗಳಲ್ಲಿ ಜೀವ ಹೋಗಬಹುದು. ಹೊಟ್ಟೆ ಬಿಗಿಯಾಗಿದೆಯಾ, ಜೊಲ್ಲು ಜಾಸ್ತಿಯಾ, ಕೂತಲ್ಲಿ ಕೂರುತ್ತಿಲ್ವಾ ನೋಡಿ. ಹೊಟ್ಟೆ ಉಬ್ಬಿದ ಹಾಗೆ ಕಾಣದಿದ್ದರೂ ಹೋಗಿ. ಸೋಡಾ, ಉಪ್ಪುನೀರು ಏನೂ ಕುಡಿಸಬೇಡಿ. ದಾರಿಯಲ್ಲೇ ಫೋನ್ ಮಾಡಿ, ರಾತ್ರಿ ಎಕ್ಸ್‌ರೇ, ಆಪರೇಷನ್ ಎರಡೂ ಇದೆಯಾ ಕೇಳಿಕೊಳ್ಳಿ, ಇಲ್ಲದ ಕಡೆ ಹೋದರೆ ಸುಮ್ನೆ ಸಮಯ ಹಾಳು. ಕೆಮ್ಮಿ ಕೆಮ್ಮಿ ಕೊನೆಗೆ ಓಕರಿಸಿದ್ದರೆ ಕೆನೆಲ್ ಕಾಫ್ (ನಾಯಿಗಳಲ್ಲಿ ಒಂದರಿಂದ ಒಂದಕ್ಕೆ ಅಂಟುವ ಕೆಮ್ಮು) ಇರಬಹುದು ಅನ್ನುತ್ತಿದ್ದೆ, ಆದರೆ ನೀವು ಕೆಮ್ಮಿನ ಮಾತೇ ಎತ್ತಿಲ್ಲ ಅಲ್ವಾ. ತಲುಪಿದ ಮೇಲೆ ಇಲ್ಲಿ ಒಂದು ಸಾಲು ಹಾಕಿ.