ಜೋಯಿಡಾ, ಕ್ಯಾಸಲ್‌ರಾಕ್ ಕಡೆಗೆ ಬರುವವರಿಗೆ

ಗೋವಾ ಗಡಿಗೆ ತಾಗಿದ ನಮ್ಮ ಸೀಮೆಯಲ್ಲಿ ಹಳೆಯ ಗಣಿಗಳನ್ನು ನೋಡಲು ಸಾಧ್ಯವೇ, ಜೊತೆಗೆ ಕಾಡು, ಜಲಪಾತಗಳನ್ನೂ ನೋಡಿಕೊಂಡು ಎರಡು ಮೂರು ದಿನದಲ್ಲಿ ಬೆಂಗಳೂರಿಗೆ ತಿರುಗಿ ಹೋಗಬಹುದೇ ಎಂದು ಕೇಳಿದ್ದೀರಿ. ಸಾಧ್ಯವಿದೆ. ಆದರೆ ಒಂದು ದಿನ ಗಣಿ, ಮರುದಿನ ಕಾಡು ಎಂದು ಪಟ್ಟಿ ಮಾಡಿಕೊಂಡು ಬಂದರೆ ಗಣಿ ನಿಮ್ಮ ಕಣ್ಣಿಗೆ ಬೀಳುವುದೇ ಇಲ್ಲ, ಏಕೆಂದರೆ ಅದನ್ನು ಕಾಡು ಮುಚ್ಚಿದೆ. ಜೋಯಿಡಾ ತಾಲ್ಲೂಕಿನಲ್ಲಿ ಪ್ರವಾಸಿಗರು ಕಾರು ನಿಲ್ಲಿಸಿ ಫೋಟೋ ತೆಗೆದುಕೊಳ್ಳುವ ಕೆಲವು ಹಸಿರು ಇಳಿಜಾರುಗಳು ಎರಡು ತಲೆಮಾರುಗಳ ಹಿಂದೆ ಕೂಲಿಯಾಳುಗಳು ಗುದ್ದಲಿ ಹಿಡಿದು ಅಗೆದ ನೆಲ. ಈ ಕಾಡನ್ನು ಯಾರೂ ಮುಟ್ಟದ ಕನ್ಯಾವನ ಎಂದು ರೆಸಾರ್ಟುಗಳ ಜಾಹೀರಾತು ಬಣ್ಣಿಸುವುದನ್ನು ಕಾರವಾರದಲ್ಲಿ ಕುಳಿತು ಓದುವಾಗ ನಮಗೆ ನಗು ಬರುತ್ತದೆ.

ಇಲ್ಲಿ ತೆಗೆಯುತ್ತಿದ್ದದ್ದು ಮುಖ್ಯವಾಗಿ ಮ್ಯಾಂಗನೀಸ್. ಉಕ್ಕು ತಯಾರಿಸುವಾಗ ಅದರೊಳಗಿನ ಆಮ್ಲಜನಕ ಮತ್ತು ಗಂಧಕವನ್ನು ಹೊರಹಾಕಿ ಲೋಹಕ್ಕೆ ಗಟ್ಟಿತನ ಕೊಡಲು ಬೇಕಾದ ಈ ಧಾತು, ಸಹ್ಯಾದ್ರಿಯ ಈ ಭಾಗದಲ್ಲಿ ಜಂಬಿಟ್ಟಿಗೆಯ ಹೊದಿಕೆಯ ಅಡಿಯಲ್ಲಿ, ಲಕ್ಷಾಂತರ ಮಳೆಗಾಲಗಳು ಬಂಡೆಯನ್ನು ಕೊಳೆಸಿ ಉಳಿಸಿದ ಜೇಡಿಯ ನಡುವೆ, ಕಪ್ಪು ಗಡ್ಡೆಗಳಾಗಿ ಸಿಗುತ್ತದೆ. ಕೋಲಾರದಂತೆ ಪಾತಾಳಕ್ಕೆ ಇಳಿಯುವ ಸುರಂಗಗಳಾಗಲಿ, ಎತ್ತರದ ಕಬ್ಬಿಣದ ಗೋಪುರಗಳಾಗಲಿ ಇಲ್ಲಿ ಇರಲಿಲ್ಲ. ಗುಡ್ಡದ ಮೈಯನ್ನು ಮೆಟ್ಟಿಲು ಮೆಟ್ಟಿಲಾಗಿ ಕಡಿದು, ಬಂದ ಮಣ್ಣನ್ನು ಕಣಿವೆಗೆ ಸುರಿದು, ಗಡ್ಡೆಗಳನ್ನು ಕೈಯಿಂದಲೇ ಆರಿಸಿ ಗುಡ್ಡೆ ಹಾಕುವುದು ಇಲ್ಲಿಯ ರೀತಿಯಾಗಿತ್ತು. ಆರಿಸುವ ಕೆಲಸದಲ್ಲಿದ್ದವರ ಅಂಗೈ ಮಸಿ ಹಚ್ಚಿದಂತೆ ಕಪ್ಪಾಗುತ್ತಿತ್ತು. ಜೋಯಿಡಾದ ಗುಡ್ಡಗಳಲ್ಲಷ್ಟೇ ಅಲ್ಲ, ಯಲ್ಲಾಪುರ ತಾಲ್ಲೂಕಿನ ಬಿಸಗೋಡಿನಲ್ಲಿಯೂ ಮ್ಯಾಂಗನೀಸ್ ಗಣಿ ಇತ್ತು. ದಾಂಡೇಲಿಯಲ್ಲಿ ಕಾಗದದ ಕಾರ್ಖಾನೆಯ ಜೊತೆಗೆ ಉಕ್ಕಿಗೆ ಬೆರೆಸುವ ಮಿಶ್ರಲೋಹ ತಯಾರಿಸುವ ಫೆರೋ ಅಲಾಯ್ಸ್ ಕಾರ್ಖಾನೆಯೊಂದು ಬಂದದ್ದಕ್ಕೆ ಹತ್ತಿರದಲ್ಲಿ ಸಿಗುತ್ತಿದ್ದ ಅದಿರು ಮತ್ತು ಕಾಳಿ ನದಿಯ ನೀರು ಎರಡೂ ಕಾರಣ. 1980ರ ಅರಣ್ಯ ಸಂರಕ್ಷಣಾ ಕಾಯ್ದೆಯ ನಂತರ ಅರಣ್ಯ ಭೂಮಿಯಲ್ಲಿ ಗುತ್ತಿಗೆ ನವೀಕರಿಸುವುದು ಕಷ್ಟವಾಗಿ, ವನ್ಯಧಾಮದ ಎಲ್ಲೆಗಳು ಬಿಗಿಯಾಗುತ್ತ ಹೋದಂತೆ ಇಲ್ಲಿಯ ಗಣಿಗಳು ಒಂದೊಂದಾಗಿ ನಿಂತವು.

ನಿಂತ ಗಣಿಯನ್ನು ಗುರುತಿಸುವುದು ಹೇಗೆ ಎಂದರೆ ಮರಗಳನ್ನು ನೋಡಬೇಕು. ಸುತ್ತಲಿನ ಕಾಡಿನಲ್ಲಿ ಹಿರಿಯ ಮರ, ಕಿರಿಯ ಗಿಡ, ಬಳ್ಳಿ ಎಲ್ಲ ಕಲಸಿಕೊಂಡಿರುವಾಗ ಒಂದು ಕಡೆ ಮಾತ್ರ ಒಂದೇ ಪ್ರಾಯದ, ಒಂದೇ ಎತ್ತರದ ಮರಗಳು ಸಮತಟ್ಟಾದ ಪಟ್ಟಿಗಳ ಮೇಲೆ ನಿಂತಿದ್ದರೆ ಅದು ಸಾಮಾನ್ಯವಾಗಿ ಕಡಿದ ಮೆಟ್ಟಿಲು, ಇಲ್ಲವೇ ಸುರಿದ ಮಣ್ಣಿನ ದಿಬ್ಬ. ಅದರ ಕೆಳಗೆ ಎಲ್ಲಿಯೋ ನೀರು ತುಂಬಿದ ಹೊಂಡ ಇರುತ್ತದೆ. ಅದನ್ನು ಕೆರೆಯೆಂದು ತಿಳಿದು ಇಳಿಯಬೇಡಿ. ಕೆರೆಗೆ ದಂಡೆಯಿದ್ದು ಆಳ ನಿಧಾನವಾಗಿ ಹೆಚ್ಚುತ್ತದೆ, ಗಣಿ ಹೊಂಡ ಅಂಚಿನಲ್ಲಿಯೇ ಆಳವಾಗಿರುತ್ತದೆ ಮತ್ತು ಅದರ ಅಂಚು ಮಳೆಗಾಲದಲ್ಲಿ ಕುಸಿಯುತ್ತದೆ. ಹುಲಿ ಸಂರಕ್ಷಿತ ಪ್ರದೇಶದ ಒಳಗೆ ಅನುಮತಿಯಿಲ್ಲದೆ ಕಾಲಿಡುವುದು ಅಪರಾಧ ಕೂಡ. ಹಾಗಾಗಿ ರಸ್ತೆಯಿಂದ ಕಾಣುವುದನ್ನು ನೋಡಿ, ಉಳಿದದ್ದನ್ನು ಆ ಕಾಲದಲ್ಲಿ ಗಣಿಯಲ್ಲಿ ದುಡಿದ ಹಿರಿಯರಿಂದ ಕೇಳಿ ಎಂಬುದು ನನ್ನ ಸಲಹೆ. ಹೊಂಡಕ್ಕಿಂತ ಅವರ ಮಾತಿನಲ್ಲಿ ಗಣಿ ಹೆಚ್ಚು ಸ್ಪಷ್ಟವಾಗಿ ಕಾಣುತ್ತದೆ ಮತ್ತು ಅದಕ್ಕೆ ಯಾರ ಅನುಮತಿಯೂ ಬೇಕಿಲ್ಲ.

ಗಣಿಯ ಪಳೆಯುಳಿಕೆಯಲ್ಲಿ ಇಂದಿಗೂ ಜೀವಂತವಾಗಿರುವುದು ರೈಲು. ಕ್ಯಾಸಲ್‌ರಾಕ್ ಎಂಬ ಪುಟ್ಟ ನಿಲ್ದಾಣ 1961ರ ಡಿಸೆಂಬರಿನಲ್ಲಿ ಗೋವಾ ವಿಮೋಚನೆಯಾಗುವವರೆಗೆ ಎರಡು ರಾಜ್ಯಗಳ ನಡುವಿನದಲ್ಲ, ಎರಡು ದೇಶಗಳ ನಡುವಿನ ಗಡಿಯಾಗಿತ್ತು. ಗೋವಾದ ಮುರಗಾಂವ್ ಬಂದರಿನಿಂದ ಘಟ್ಟ ಹತ್ತಿ ಬರುವ ಪೋರ್ಚುಗೀಸ್ ಸೀಮೆಯ ರೈಲು ಮಾರ್ಗವನ್ನು 1880ರ ದಶಕದ ಕೊನೆಯಲ್ಲಿ ಇಲ್ಲಿ ಬ್ರಿಟಿಷ್ ಭಾರತದ ಮಾರ್ಗಕ್ಕೆ ಜೋಡಿಸಲಾಯಿತು. ಪ್ರಯಾಣಿಕರ ಗಂಟುಮೂಟೆಗಳನ್ನು ಸುಂಕದವರು ಬಿಚ್ಚಿ ನೋಡುತ್ತಿದ್ದದ್ದು ಇಲ್ಲಿಯೇ. ಸಂಡೂರಿನ ಮ್ಯಾಂಗನೀಸ್ ಅದಿರು ಸಮುದ್ರ ಸೇರುತ್ತಿದ್ದದ್ದೂ ಇದೇ ಘಟ್ಟ ಇಳಿದು. ಇಲ್ಲಿಂದ ಘಟ್ಟದ ಬುಡದ ಕುಳೆಂ ನಿಲ್ದಾಣದವರೆಗಿನ ಇಳಿಜಾರು 37ಕ್ಕೆ 1ರಷ್ಟು ಕಡಿದಾಗಿರುವುದರಿಂದ ಇವತ್ತಿಗೂ ಭಾರದ ಗಾಡಿಗಳು ಹಿಂದಿನಿಂದ ತಳ್ಳುವ ಹೆಚ್ಚುವರಿ ಎಂಜಿನ್ ಇಲ್ಲದೆ ಮೇಲೇರುವುದಿಲ್ಲ. ಸರಕಿನ ದಿಕ್ಕು ಮಾತ್ರ ಬದಲಾಗಿದೆ: ಅಂದು ಒಳನಾಡಿನ ಅದಿರು ಕೆಳಗೆ ಇಳಿಯುತ್ತಿತ್ತು, ಇಂದು ಹೊರದೇಶದಿಂದ ಮುರಗಾಂವಿಗೆ ಬಂದ ಕಲ್ಲಿದ್ದಲು ಬಳ್ಳಾರಿ ಕಡೆಯ ಉಕ್ಕಿನ ಕಾರ್ಖಾನೆಗಳಿಗಾಗಿ ಮೇಲೆ ಹತ್ತುತ್ತದೆ. ತಿನೈಘಾಟ್‌ನಿಂದ ಕ್ಯಾಸಲ್‌ರಾಕ್ ಮೂಲಕ ಕುಳೆಂವರೆಗೆ ಹಳಿಯನ್ನು ಜೋಡಿ ಮಾಡುವ ಯೋಜನೆಗೆ ಸಿಕ್ಕಿದ್ದ ವನ್ಯಜೀವಿ ಮಂಡಳಿಯ ಒಪ್ಪಿಗೆಯನ್ನು ಸುಪ್ರೀಂ ಕೋರ್ಟ್ 2022ರ ಮೇ ತಿಂಗಳಲ್ಲಿ ರದ್ದುಪಡಿಸಿತು.

ದೂಧಸಾಗರ ಜಲಪಾತ ಈ ಮಾರ್ಗದಲ್ಲಿ, ಗಡಿಯ ಆಚೆ ಗೋವಾದ ನೆಲದಲ್ಲಿದೆ. ಕ್ಯಾಸಲ್‌ರಾಕ್‌ನಿಂದ ಹಳಿಗುಂಟ ನಡೆದು ಹೋಗಬಹುದೆಂದು ಹಳೆಯ ವಿಡಿಯೋಗಳು ಹೇಳುವುದನ್ನು ನಂಬಬೇಡಿ. ಅದು ನಿಷಿದ್ಧ, 2023ರ ಜುಲೈನಲ್ಲಿ ಹಾಗೆ ಬಂದ ಯುವಕರಿಗೆ ರೈಲ್ವೆ ಪೊಲೀಸರು ಬಸ್ಕಿ ಹೊಡೆಸಿದ ದೃಶ್ಯ ದೇಶವೆಲ್ಲ ಸುತ್ತಿತು. ಹಗಲಿನಲ್ಲಿ ಘಟ್ಟ ಇಳಿಯುವ ರೈಲಿಗೆ ಟಿಕೆಟ್ ತೆಗೆದು ಕಿಟಕಿಯ ಪಕ್ಕ ಕುಳಿತರೆ ಜಲಪಾತವೂ ಸುರಂಗಗಳೂ ಕಾಣುತ್ತವೆ.

ಇನ್ನು ಜನರ ವಿಷಯ. ಇಲ್ಲಿಯ ಮೂಲದವರಾದ ಕುಣಬಿಗಳು, ಎಮ್ಮೆ ಸಾಕುವ ಗೌಳಿಗಳು, ಸಿದ್ದಿಗಳು, ಮರಾಠರು, ಘಟ್ಟದ ತೋಟಿಗರಾದ ಹವ್ಯಕರು ಇವರೆಲ್ಲ ಒಂದೇ ತಾಲ್ಲೂಕಿನವರು. ಇವರಲ್ಲಿ ಬಹಳ ಜನರ ಬದುಕಿನ ಕಥೆ ಎಲ್ಲಿ ಹುಟ್ಟಿದೆವು ಎಂಬುದರಿಂದ ಶುರುವಾಗಿ ಎಲ್ಲಿಂದ ಎದ್ದು ಬಂದೆವು ಎಂಬುದಕ್ಕೆ ಬಂದು ನಿಲ್ಲುತ್ತದೆ. ಈ ತಾಲ್ಲೂಕಿಗೆ ಮೊದಲು ಸೂಪಾ ಎಂಬ ಹೆಸರೇ ಇತ್ತು. ಗಣೇಶಗುಡಿಯಲ್ಲಿ 101 ಮೀಟರ್ ಎತ್ತರದ ಅಣೆಕಟ್ಟು ಎದ್ದು, ಸುಮಾರು 147 ಟಿಎಂಸಿ ನೀರು ಹಿಡಿಯುವ ಜಲಾಶಯದಲ್ಲಿ ಸೂಪಾ ಪೇಟೆ ಸುತ್ತಲಿನ ಹಳ್ಳಿಗಳೊಂದಿಗೆ ಮುಳುಗಿದ ಮೇಲೆ ಆಡಳಿತ ಜೋಯಿಡಾಕ್ಕೆ ಬಂತು. ಮುಳುಗಡೆಯಾದವರಿಗಾಗಿ ಕಟ್ಟಿದ ಊರು ರಾಮನಗರ. ಅನಮೋಡ ಘಟ್ಟದ ಮೂಲಕ ಗೋವಾಕ್ಕೆ ಹೋಗುವವರು ಅಲ್ಲಿ ಚಹಾ ಕುಡಿಯಲು ನಿಲ್ಲುತ್ತಾರೆ, ಆದರೆ ಆ ಊರು ಏಕೆ ಅಷ್ಟು ಹೊಸದಾಗಿ ಕಾಣುತ್ತದೆ ಎಂದು ಕೇಳುವವರು ಕಡಿಮೆ. ಅಣಶಿ ಮತ್ತು ದಾಂಡೇಲಿ ಕಾಡುಗಳು 2007ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾಗಿ, 2015ರಲ್ಲಿ ಕಾಳಿ ಹುಲಿ ಸಂರಕ್ಷಿತ ಪ್ರದೇಶವೆಂದು ಹೆಸರು ಬದಲಿಸಿಕೊಂಡ ಮೇಲೆ, ಒಳಗಿನ ಹಳ್ಳಿಗಳ ಕುಟುಂಬಗಳಿಗೆ ಪರಿಹಾರ ಪಡೆದು ಹೊರಬರುವ ಆಯ್ಕೆ ಕೊಡಲಾಗಿದೆ. ಆಸ್ಪತ್ರೆ, ಶಾಲೆ, ರಸ್ತೆ ದೂರವೆಂದು ಹಣ ಪಡೆದು ಬಂದವರೂ ಇದ್ದಾರೆ, ದೇವರನ್ನೂ ಗದ್ದೆಯನ್ನೂ ಬಿಟ್ಟು ಬರಲಾರೆವೆಂದು ಉಳಿದವರೂ ಇದ್ದಾರೆ. ಇಬ್ಬರ ಮಾತಿನಲ್ಲಿಯೂ ಸತ್ಯವಿದೆ ಎನ್ನುವುದು ನನ್ನ ಅನಿಸಿಕೆ. ಹೊರಗಿನಿಂದ ಬಂದವರು ಇವರಲ್ಲಿ ಒಬ್ಬರನ್ನು ಕಾಡಿನ ಕಾವಲುಗಾರ, ಇನ್ನೊಬ್ಬರನ್ನು ದುಡ್ಡಿಗೆ ಸೋತವ ಎಂದು ವಿಂಗಡಿಸುವುದು ನನಗೆ ಸರಿಕಾಣುವುದಿಲ್ಲ.

ಭಾಷೆಯ ಬಗ್ಗೆ ನಿಮಗಿರುವ ಅಂಜಿಕೆಗೆ ಕಾರಣವಿಲ್ಲ. ಕಾರವಾರದಲ್ಲಿ ಮನೆಯೊಳಗೆ ಕೊಂಕಣಿ, ಕಚೇರಿಯಲ್ಲಿ ಕನ್ನಡ, ಜೋಯಿಡಾದ ಸಂತೆಯಲ್ಲಿ ಇವೆರಡರ ಜೊತೆಗೆ ಮರಾಠಿಯೂ ನಡೆಯುತ್ತದೆ, ಒಂದೇ ವಾಕ್ಯದಲ್ಲಿ ಮೂರೂ ಬಂದರೂ ಯಾರಿಗೂ ಅದು ವಿಶೇಷವೆನಿಸುವುದಿಲ್ಲ. ಗಡಿ ವಿವಾದದಲ್ಲಿ ಮಹಾರಾಷ್ಟ್ರ ತನ್ನ ಬೇಡಿಕೆಯ ಪಟ್ಟಿಯಲ್ಲಿ ಕಾರವಾರದ ಹೆಸರನ್ನು ಬಿಡದೆ ಇಟ್ಟುಕೊಂಡಿರುವುದು ನಿಜ, ಆದರೆ ನಮ್ಮ ದಿನನಿತ್ಯದ ಗಡಿ ಗೋವಾದ್ದು. ಮಾಜಾಳಿಯ ಚೆಕ್‌ಪೋಸ್ಟ್ ದಾಟಿ ಕಾಣಕೋಣ, ಮಡಗಾಂವ್ ಕಡೆ ಬೆಳಿಗ್ಗೆ ಕೆಲಸಕ್ಕೆ ಹೋಗಿ ಸಂಜೆ ಮರಳುವವರಿದ್ದಾರೆ, ಆಚೆ ಮಗಳನ್ನು ಕೊಟ್ಟವರಿದ್ದಾರೆ, ದೊಡ್ಡ ಕಾಯಿಲೆ ಬಂದಾಗ ಹುಬ್ಬಳ್ಳಿಗಿಂತ ಗೋವಾದ ಬಾಂಬೋಳಿಯ ಆಸ್ಪತ್ರೆಯೇ ಹತ್ತಿರವೆಂದು ಓಡುವವರಿದ್ದಾರೆ. ಈ ಗಡಿ ಇದೆಯೆಂದು ನಮಗೆ ನೆನಪಾಗುವುದು ಅದು ಮುಚ್ಚಿದಾಗ. 2018ರ ಕೊನೆಯಲ್ಲಿ ಮೀನು ಕೆಡದಂತೆ ಫಾರ್ಮಾಲಿನ್ ಎಂಬ ರಾಸಾಯನಿಕ ಬೆರೆಸುತ್ತಾರೆಂಬ ಗದ್ದಲದಲ್ಲಿ ಗೋವಾ ಹೊರಗಿನ ಮೀನಿಗೆ ನಿರ್ಬಂಧ ಹೇರಿದಾಗ ಕಾರವಾರದ ಮೀನುಗಾರರು ಬೀದಿಗಿಳಿದಿದ್ದರು; 2020ರ ಲಾಕ್‌ಡೌನಿನಲ್ಲಿ ಗೋವಾದಲ್ಲಿ ದುಡಿಯುತ್ತಿದ್ದವರು ತಮ್ಮ ಮನೆಯಿಂದ ಕೂಗಳತೆಯಲ್ಲಿ ಸಿಕ್ಕಿಬಿದ್ದಿದ್ದರು. ಪ್ರವಾಸಿಗರಿಗೆ ಗಡಿಯಲ್ಲಿ ಎದುರಾಗುವುದು ಅಬಕಾರಿ ತಪಾಸಣೆ ಮಾತ್ರ. ಅಲ್ಲಿ ಅಗ್ಗವೆಂದು ಕೊಂಡ ಬಾಟಲಿಗಳನ್ನು ಪರವಾನಗಿಯಿಲ್ಲದೆ ಈಚೆ ತರುವುದು ಬೇಡ.

ದಾರಿಯ ಬಗ್ಗೆ ಹೇಳುವುದಾದರೆ, ಕಾರವಾರದಿಂದ ಕದ್ರಾ ದಾಟಿ ಅಣಶಿ ಘಟ್ಟ ಹತ್ತಿ ಜೋಯಿಡಾ ಸೇರುವುದು ಎಲ್ಲಕ್ಕಿಂತ ಚೆಂದದ ದಾರಿ. ಮಳೆಗಾಲದಲ್ಲಿ ಮಣ್ಣು ಕುಸಿದು ಅದು ಬಂದ್ ಆಗುವುದುಂಟು, ಆದ್ದರಿಂದ ಜೂನ್‌ನಿಂದ ಸೆಪ್ಟೆಂಬರಿನವರೆಗೆ ಹೊರಡುವ ಮುಂಚೆ ವಿಚಾರಿಸಿ. ಪೆಟ್ರೋಲ್ ಮತ್ತು ನಗದನ್ನು ಕಾರವಾರದಲ್ಲಿಯೇ ಹೊಂದಿಸಿಕೊಳ್ಳಿ, ಘಟ್ಟದ ಮೇಲೆ ಮೊಬೈಲ್ ಸಿಗ್ನಲ್ ಇದ್ದರೆ ಅದನ್ನು ಅದೃಷ್ಟವೆಂದು ತಿಳಿಯಿರಿ, ಕತ್ತಲಾಗುವ ಮೊದಲು ಊರು ಮುಟ್ಟಿ. ನವೆಂಬರ್‌ನಿಂದ ಜನವರಿಯವರೆಗಿನ ದಿನಗಳು ಒಳ್ಳೆಯವು. ಕುಣಬಿಗಳು ಬೆಳೆದ ಗೆಡ್ಡೆ ಗೆಣಸುಗಳ ಮೇಳ ಜೋಯಿಡಾದಲ್ಲಿ ನಡೆಯುವುದು ಆ ಕಾಲದಲ್ಲಿಯೇ. ಪೇಟೆಯಲ್ಲಿ ಹೆಸರೂ ಕೇಳಿರದ ಎಷ್ಟೋ ಗೆಡ್ಡೆಗಳನ್ನು ಅಲ್ಲಿ ಹೆಂಗಸರು ರಾಶಿ ಹಾಕಿಕೊಂಡು ಕುಳಿತಿರುತ್ತಾರೆ ಮತ್ತು ಬೇಯಿಸುವ ಬಗೆಯನ್ನೂ ಹೇಳಿಕೊಡುತ್ತಾರೆ. ಕವಳಾದ ಸುಣ್ಣಕಲ್ಲಿನ ಗುಹೆ, ಕಾನೇರಿ ಹೊಳೆ ಕೊರೆದು ನಿಲ್ಲಿಸಿದ ಸಿಂಥೇರಿ ಬಂಡೆ ಎಲ್ಲರೂ ನೋಡುವಂಥವು, ನೀವೂ ನೋಡಿ. ಅವುಗಳ ವರ್ಣನೆ ಎಲ್ಲ ಕಡೆಯೂ ಸಿಗುವುದರಿಂದ ನಾನು ಬೆಳೆಸುವುದಿಲ್ಲ.

ಸಮಯ ಉಳಿದರೆ ತಿರುಗಿ ಹೋಗುವಾಗ ಅಂಕೋಲಾ, ಅರಬೈಲ್ ಘಟ್ಟ, ಯಲ್ಲಾಪುರದ ದಾರಿ ಹಿಡಿಯಿರಿ. ಗಣಿಗಾರಿಕೆಯ ಇನ್ನೊಂದು ಮುಖ ಅಲ್ಲಿದೆ. ಜೋಯಿಡಾದ ಮ್ಯಾಂಗನೀಸ್ ಕೆಲಸ ಸಣ್ಣದು, ಕೈಯಿಂದ ಆದದ್ದು. ಈ ಶತಮಾನದ ಮೊದಲ ದಶಕದಲ್ಲಿ ಹೊಸಪೇಟೆ, ಸಂಡೂರಿನ ಕಬ್ಬಿಣದ ಅದಿರು ಚೀನಾದ ಬೇಡಿಕೆಗೆಂದು ಇದೇ ಹೆದ್ದಾರಿಯಲ್ಲಿ ಲಾರಿಗಳ ಸಾಲಾಗಿ ಬೇಲೆಕೇರಿ ಮತ್ತು ಕಾರವಾರ ಬಂದರುಗಳಿಗೆ ಇಳಿದದ್ದು ಬೇರೆಯೇ ಪ್ರಮಾಣದ್ದು. ರಸ್ತೆ ಪಕ್ಕದ ಮನೆಗಳ ಹೆಂಚು, ಅಡಿಕೆ ಸೋಗೆ, ಒಣಗಲು ಹಾಕಿದ ಬಟ್ಟೆ ಎಲ್ಲದರ ಮೇಲೆ ಕೆಂಪು ಧೂಳು ಕೂರುತ್ತಿತ್ತು. ಘಟ್ಟದ ತಿರುವುಗಳಲ್ಲಿ ಅಪಘಾತವಾಗದ ವಾರ ಅಪರೂಪವಾಗಿತ್ತು. ಬೇಲೆಕೇರಿಯಲ್ಲಿ ಜಪ್ತಿ ಮಾಡಿಟ್ಟ ಲಕ್ಷಾಂತರ ಟನ್ ಅದಿರು ಮಾಯವಾದ ಪ್ರಕರಣ 2010ರಲ್ಲಿ ಹೊರಬಿದ್ದು, ಆಗಿನ ಲೋಕಾಯುಕ್ತರಾದ ನ್ಯಾಯಮೂರ್ತಿ ಸಂತೋಷ್ ಹೆಗ್ಡೆ ರಾಜೀನಾಮೆಯನ್ನೇ ಕೊಟ್ಟು ಬಳಿಕ ಹಿಂತೆಗೆದುಕೊಂಡದ್ದು, ಮರುವರ್ಷ ಅಕ್ರಮ ಗಣಿಗಾರಿಕೆ ಕುರಿತ ಅವರ ವರದಿ ರಾಜ್ಯದ ರಾಜಕೀಯವನ್ನು ಅಲುಗಾಡಿಸಿದ್ದು ನಿಮಗೂ ನೆನಪಿರಬಹುದು. ಬೆಂಗಳೂರಿನಲ್ಲಿ ಅದು ಪತ್ರಿಕೆಯ ಸುದ್ದಿ. ಇಲ್ಲಿ ಅದಿರು ಸಾಗಣೆ ನಿಂತಾಗ ಲಾರಿ ಸಾಲ ಮಾಡಿದವರು ಕಂತು ಕಟ್ಟಲಾಗದೆ ಗಾಡಿ ಕಳೆದುಕೊಂಡರು, ಹೆದ್ದಾರಿಯ ಪಂಕ್ಚರ್ ಅಂಗಡಿ, ಊಟದ ಖಾನಾವಳಿಗಳು ಬಾಗಿಲು ಹಾಕಿದವು, ಬೇಲೆಕೇರಿಯ ಮೀನುಗಾರರು ಮಾತ್ರ ಸಮಾಧಾನದ ಉಸಿರು ಬಿಟ್ಟರು.

ಉಳಿಯುವುದಕ್ಕೆ ದಾಂಡೇಲಿಯ ದೊಡ್ಡ ರೆಸಾರ್ಟುಗಳಿಗಿಂತ ಜೋಯಿಡಾ, ಗುಂದ, ಉಳವಿ ಕಡೆಯ ಮನೆವಾಸ್ತವ್ಯಗಳನ್ನು ಆರಿಸಿಕೊಳ್ಳಿ. ಊಟ ಸಾದಾ ಇರುತ್ತದೆ, ಮಾತು ಧಾರಾಳ ಇರುತ್ತದೆ. ಚನ್ನಬಸವಣ್ಣನವರ ಸಮಾಧಿಯಿರುವ ಉಳವಿಯಲ್ಲಿ ಭಾರತ ಹುಣ್ಣಿಮೆಯ ಹೊತ್ತಿಗೆ ಜಾತ್ರೆ ನಡೆಯುತ್ತದೆ. ಧಾರವಾಡ, ಬೆಳಗಾವಿ ಕಡೆಯ ರೈತರು ಚಕ್ಕಡಿ ಕಟ್ಟಿಕೊಂಡು ಕಾಡುದಾರಿಯಲ್ಲಿ ಬರುವ ಆ ದಿನಗಳಲ್ಲಿ ಇಡೀ ತಾಲ್ಲೂಕಿನಲ್ಲಿ ಕೋಣೆ ಸಿಗುವುದು ಕಷ್ಟ, ಆಗ ಬರುವುದಾದರೆ ತಿಂಗಳ ಮೊದಲೇ ಹೇಳಿಟ್ಟುಕೊಳ್ಳಿ.