ಹಸಿರು ಮುಖ ನಗುತ್ತಿಲ್ಲವೆಂದರೆ ತಪ್ಪು ಬಣ್ಣದ್ದಲ್ಲ

ನೀವು ಹಾಕಿರುವ ನಾಲ್ಕೂ ಫೋಟೋ ನೋಡಿದೆ. ನಾಚಿಕೆಯ ಬ್ಯಾಂಕ್ ಗುಮಾಸ್ತನೊಬ್ಬ ಮರದ ಮುಖವಾಡ ಹಾಕಿಕೊಂಡು ಹಸಿರು ಮುಖದವನಾಗುವ ‘ದ ಮಾಸ್ಕ್’ ಚಿತ್ರದ ಕತೆಯನ್ನು ರಂಗಕ್ಕೆ ತರಲು ಹಸಿರು ತಲೆ ಮಾಡುತ್ತಿದ್ದೀರಿ. ಬಾಯಿಯ ಸುತ್ತ ಬಣ್ಣ ಬಿರುಕು ಬಿಟ್ಟು ಉದುರುತ್ತಿದೆ, ಮೇಲೆ ಯಾವ ವಾರ್ನಿಷ್ ಹಚ್ಚಲಿ ಎಂದು ಕೇಳಿದ್ದೀರಿ. ಯಾವ ವಾರ್ನಿಷ್ಷನ್ನೂ ಹಚ್ಚಬೇಡಿ, ದಯವಿಟ್ಟು ಅಲ್ಲಿಗೇ ನಿಲ್ಲಿಸಿ. ಮೂರನೆಯ ಫೋಟೋದಲ್ಲಿ ಮುಖವಾಡದ ಒಳಮೈ ಕಾಣುತ್ತಿದೆ. ಹರಿಯದಿರಲಿ ಎಂದು ತುಟಿಯ ಅಂಚಿಗೆ ಹತ್ತು ಪದರ ಲ್ಯಾಟೆಕ್ಸ್, ಅಂದರೆ ರಬ್ಬರು ಹಾಲು, ಹಾಕಿದ್ದೇನೆ ಎಂದು ನೀವೇ ಬರೆದಿದ್ದೀರಿ. ರೋಗ ಇರುವುದು ಅಲ್ಲಿ. ಬಣ್ಣ ಅದನ್ನು ಹೊರಗೆ ತೋರಿಸುತ್ತಿದೆ, ಅಷ್ಟೆ.

ಇಷ್ಟು ಖಚಿತವಾಗಿ ಹೇಳಲು ಕಾರಣವಿದೆ. ಇದೇ ತಲೆಯನ್ನು, ಇದೇ ದಪ್ಪಕ್ಕೆ, ಇದೇ ಅಕ್ರಿಲಿಕ್ ಬಣ್ಣದಿಂದ ನಾನೂ ಮಾಡಿದ್ದೆ. ಕುತ್ತಿಗೆಯಿಂದ ನೆತ್ತಿಯವರೆಗೆ ಒಂದೇ ತುಂಡು. ಮೇಜಿನ ಮೇಲೆ ಇಟ್ಟಾಗ ಎಷ್ಟು ಚೆನ್ನಾಗಿತ್ತೆಂದರೆ ತಂಡದವರೆಲ್ಲ ಅದರ ಜೊತೆ ಫೋಟೋ ತೆಗೆಸಿಕೊಂಡರು. ಪ್ರದರ್ಶನದ ದಿನ ನಮ್ಮ ನಟ ಅದನ್ನು ಹಾಕಿಕೊಂಡು ಬಂದ ಕೂಡಲೇ ಚಪ್ಪಾಳೆ ಬಿತ್ತು. ಆಮೇಲೆ ಏನೂ ಬೀಳಲಿಲ್ಲ. ಒಳಗೆ ಆತ ಹುಬ್ಬು ಹಾರಿಸುತ್ತಿದ್ದ, ಕಿವಿಯಿಂದ ಕಿವಿಗೆ ಬಾಯಿ ಹಿಗ್ಗಿಸಿ ನಗುತ್ತಿದ್ದ, ಕೆನ್ನೆ ನೋಯುವಷ್ಟು ಮುಖ ಆಡಿಸುತ್ತಿದ್ದ. ಹೊರಗೆ ಮಾತ್ರ ನಾನು ಅಚ್ಚು ತೆಗೆದಾಗ ಇದ್ದ ಅದೇ ನಗು. ಮಾತು ಮುಖವಾಡದೊಳಗೇ ಗುಂಯ್‌ಗುಟ್ಟಿತು. ಮೂರನೆಯ ದೃಶ್ಯದ ಹೊತ್ತಿಗೆ ಬಾಯಿಯ ಮೂಲೆಯಿಂದ ಹಸಿರು ಚಕ್ಕೆಗಳು ಹಳದಿ ಕೋಟಿನ ಮೇಲೆ ಉದುರತೊಡಗಿದವು. ಒಳ್ಳೆಯ ನಟನೊಬ್ಬನ ಎರಡು ತಿಂಗಳ ತಾಲೀಮನ್ನು ನನ್ನ ರಬ್ಬರು ನುಂಗಿಹಾಕಿತು. ಆ ರಾತ್ರಿ ಆತ ಒಂದು ಮಾತೂ ಆಡದೆ ಬೆವರು ಒರೆಸಿಕೊಂಡು ಕುಳಿತಿದ್ದುದು ಇಂದಿಗೂ ಕಣ್ಣ ಮುಂದಿದೆ. ನಿಮ್ಮ ನಟನಿಗೆ ಹಾಗಾಗಬಾರದು.

ಚಿತ್ರವನ್ನು ಇನ್ನೊಮ್ಮೆ ನೋಡಿ, ಈ ಸಲ ಮುಖದ ಮೇಲೇ ಕಣ್ಣಿಟ್ಟು ನೋಡಿ. 1994ರ ಆ ಚಿತ್ರದಲ್ಲಿ ಗ್ರೆಗ್ ಕ್ಯಾನಮ್ ಮಾಡಿದ್ದು ತಲೆಗೆ ಹಾಕಿಕೊಳ್ಳುವ ಮುಖವಾಡವಲ್ಲ, ಚರ್ಮಕ್ಕೆ ಅಂಟಿಸುವ ಪ್ರಸಾಧನ. ಕಣ್ಣು ಗುಡ್ಡೆಯಾಗಿ ಹೊರಗೆ ಚಿಮ್ಮುವುದು, ದವಡೆ ಮೇಜಿಗೆ ಬೀಳುವುದು, ಎದೆಯಿಂದ ಹೃದಯ ನೆಗೆಯುವುದು ಇವೆಲ್ಲ ಇಂಡಸ್ಟ್ರಿಯಲ್ ಲೈಟ್ ಅಂಡ್ ಮ್ಯಾಜಿಕ್ ಸಂಸ್ಥೆಯ ಕಂಪ್ಯೂಟರ್ ಕೆಲಸ. ವಿಷುಯಲ್ ಎಫೆಕ್ಟ್ಸ್ ವಿಭಾಗದಲ್ಲಿ ಚಿತ್ರಕ್ಕೆ ಆಸ್ಕರ್ ನಾಮನಿರ್ದೇಶನ ಬಂದಿದ್ದು ಅದಕ್ಕೇ. ಆದರೆ ಅವುಗಳ ನಡುವೆ ನಮ್ಮನ್ನು ನಗಿಸುವುದು ನಾಯಕ ನಟ ಜಿಮ್ ಕ್ಯಾರಿಯ ಸ್ವಂತ ಮುಖಸ್ನಾಯು. ರಂಗದ ಮೇಲೆ ನಮಗೆ ಕಂಪ್ಯೂಟರ್ ಇಲ್ಲ, ಸ್ನಾಯು ಒಂದೇ ಇರುವುದು. ಅದನ್ನೂ ಮುಚ್ಚಿಬಿಟ್ಟರೆ ಉಳಿಯುವುದೇನು?

ನಾನು ಈಗ ಬಳಸುವ ಕ್ರಮ ಇದು, ಇದರ ಬಗ್ಗೆ ನನಗೆ ಹಟವೇ ಇದೆ: ಮೂರು ತುಂಡು. ನೆತ್ತಿ, ಹಣೆ, ಕಿವಿ ಸೇರಿ ಒಂದು. ಎರಡು ಕೆನ್ನೆ ಮತ್ತು ಮೂಗಿನ ಸೇತು ಸೇರಿ ಇನ್ನೊಂದು. ಗದ್ದ ಮೂರನೆಯದು. ಕಣ್ಣಿನ ರೆಪ್ಪೆ, ತುಟಿ, ಬಾಯಿಯ ಎರಡು ಮೂಲೆ ಇಲ್ಲೆಲ್ಲ ರಬ್ಬರು ಇರಲೇಬಾರದು, ನಟನ ಚರ್ಮಕ್ಕೆ ನೇರವಾಗಿ ಬಣ್ಣ. ಹುಬ್ಬಿನ ಮೇಲಿನ ಉಬ್ಬು ಎಷ್ಟು ಬೇಕಾದರೂ ದಪ್ಪವಿರಲಿ, ಮೂಳೆಯ ಮೇಲೆ ಕೂರುವ ಭಾಗ ಅದು. ಮೂಳೆಯ ಮೇಲೆ ದಪ್ಪ, ಸ್ನಾಯುವಿನ ಮೇಲೆ ತೆಳು. ನಗುವಾಗ ಕೆನ್ನೆಯಿಂದ ಬಾಯಿಗೆ ಇಳಿಯುವ ಗೆರೆಯ ಮೇಲೆ ಕೆನ್ನೆ ತುಂಡಿನ ಅಂಚು ಬಂದು ನಿಲ್ಲಬೇಕು. ಜೇಡಿಮಣ್ಣಿನಲ್ಲಿ ಮೂರ್ತಿ ತಿದ್ದುವ ಮೊದಲೇ ನಟನನ್ನು ಎದುರಿಗೆ ಕೂರಿಸಿ ಹತ್ತು ಸಲ ನಗಿಸಿ, ಆ ಗೆರೆಯನ್ನು ಅವನ ಮುಖದ ಮೇಲೇ ಹುಬ್ಬಿನ ಪೆನ್ಸಿಲ್‌ನಿಂದ ಗುರುತು ಹಾಕಿಕೊಳ್ಳಿ. ಅಳತೆ ತಪ್ಪಿದರೆ ಅಂಚು ಎರಡನೇ ನಗುವಿಗೇ ಎದ್ದು ನಿಲ್ಲುತ್ತದೆ.

ಪ್ಲಾಸ್ಟರ್ ಅಚ್ಚಿಗೆ ಲ್ಯಾಟೆಕ್ಸ್ ತುಂಬಿಸಿ ಸುರಿಯುವ ಬದಲು ಸ್ಪಂಜಿನಿಂದ ತಟ್ಟಿ ಪದರ ಕಟ್ಟಿ. ಮೊದಲ ಪದರ ಅಂಚಿನ ಆಚೆಗೂ ಹೋಗಲಿ, ಮುಂದಿನ ಪ್ರತಿ ಪದರವೂ ಅಂಚಿನಿಂದ ಒಂದಿಷ್ಟು ಒಳಗೆ ಸರಿಯುತ್ತ ಬರಲಿ. ಆಗ ಅಂಚು ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗಾಗುತ್ತದೆ. ಬ್ರಷ್ ಬಳಸಲೇಬೇಕೆಂದರೆ ಮೊದಲು ಸೋಪಿನ ನೀರಿನಲ್ಲಿ ಅದ್ದಿ, ಇಲ್ಲದಿದ್ದರೆ ಬ್ರಷ್ ಎಸೆಯುವುದೇ ಗತಿ. ಅಚ್ಚಿನಿಂದ ಬಿಡಿಸುವಾಗ ಪೌಡರ್ ಹಾಕುತ್ತ ಹಾಕುತ್ತ ಬಿಡಿಸಿ. ತೆಳು ಅಂಚು ಒಮ್ಮೆ ತನಗೆ ತಾನೇ ಅಂಟಿಕೊಂಡರೆ ಮತ್ತೆ ಬಿಡಿಸಲಾಗದು. ನೊರೆ ಎಬ್ಬಿಸಿ ಮಾಡುವ ಫೋಮ್ ಲ್ಯಾಟೆಕ್ಸ್ ಇನ್ನೂ ಮೃದು, ನಿಜ. ಆದರೆ ಅದನ್ನು ಒಲೆಯಲ್ಲಿ ಬೇಯಿಸಬೇಕು. ಅಡುಗೆಗೆ ಬಳಸುವ ಒವನ್‌ನಲ್ಲಿ ಬೇಯಿಸುತ್ತೇನೆ ಎಂದು ಮೊನ್ನೆ ಇಲ್ಲೇ ಒಬ್ಬರು ಬರೆದಿದ್ದರು, ದಯವಿಟ್ಟು ಆ ಕೆಲಸ ಮಾಡಬೇಡಿ. ಅದಕ್ಕೆಂದೇ ಬೇರೆ ಒವನ್, ಗಾಳಿಯಾಡುವ ಜಾಗ ಇಲ್ಲದಿದ್ದರೆ ಫೋಮ್ ಬೇಡ.

ನಿಮ್ಮ ಎರಡನೆಯ ಫೋಟೋದಲ್ಲಿ ಎರಡು ವಸ್ತು ಕಂಡು ಸಂಕಟವಾಯಿತು. ಒಂದು, ಲ್ಯಾಟೆಕ್ಸ್ ಇಟ್ಟಿರುವ ಹಿತ್ತಾಳೆ ಬಟ್ಟಲು. ತಾಮ್ರ ರಬ್ಬರಿನ ಶತ್ರು, ಹಿತ್ತಾಳೆಯಲ್ಲಿ ತಾಮ್ರವಿದೆ. ಬಣ್ಣ ಕೆಡಿಸುತ್ತದೆ, ಬೇಗ ಹಳಸಿ ಪುಡಿಯಾಗುವಂತೆ ಮಾಡುತ್ತದೆ. ಪ್ಲಾಸ್ಟಿಕ್ ಬಟ್ಟಲು ಸಾಕು. ಇನ್ನೊಂದು, ಪೆಟ್ರೋಲಿಯಂ ಜೆಲ್ಲಿಯ ಡಬ್ಬಿ. ಅಚ್ಚಿಗೂ ಬೇಡ, ನಟನ ಚರ್ಮಕ್ಕೂ ಬೇಡ. ಅದು ಲ್ಯಾಟೆಕ್ಸನ್ನು ಉಬ್ಬಿಸಿ ಮೆತ್ತಗೆ ಮಾಡುತ್ತದೆ, ಮೇಲಾಗಿ ಜಿಡ್ಡಿನ ಚರ್ಮಕ್ಕೆ ಅಂಟು ಹಿಡಿಯುವುದೇ ಇಲ್ಲ. ಇಷ್ಟು ಶ್ರದ್ಧೆಯಿಂದ ಮೂರ್ತಿ ತಿದ್ದಿದವರು ಸಾಮಗ್ರಿಯ ಡಬ್ಬಿಯ ಮೇಲಿನ ನಾಲ್ಕು ಸಾಲು ಓದಬಾರದೇ?

ಇನ್ನು ಬಣ್ಣ. ಬರಿಯ ಅಕ್ರಿಲಿಕ್ ರಬ್ಬರಿನಷ್ಟು ಹಿಗ್ಗುವುದಿಲ್ಲ. ರಬ್ಬರು ಎಳೆದಾಗ ಅದು ಸೀಳುತ್ತದೆ, ವಾರ್ನಿಷ್ ಹಾಕಿದರೆ ಇನ್ನಷ್ಟು ಗಡುಸಾಗಿ ಸೀಳುತ್ತದೆ. ಮೂಲ ಹಸಿರನ್ನು ಲ್ಯಾಟೆಕ್ಸ್‌ಗೇ ಕಲಸಿಬಿಡಿ. ಒಂದು ಎಚ್ಚರ: ಹಸಿ ಲ್ಯಾಟೆಕ್ಸ್ ಹಾಲಿನಂತೆ ಬಿಳಿ, ಒಣಗಿದಾಗ ಆ ಬಿಳುಪು ಹೋಗುತ್ತದೆ. ಆದ್ದರಿಂದ ಬಟ್ಟಲಿನಲ್ಲಿ ತಿಳಿಯಾಗಿ ಕಾಣುವ ಹಸಿರು ಒಣಗಿದ ಮೇಲೆ ಗಾಢವಾಗುತ್ತದೆ. ಸಣ್ಣ ತುಂಡೊಂದನ್ನು ಒಣಗಿಸಿ ನೋಡಿಯೇ ಮುಂದುವರಿಯಿರಿ. ಅದರ ಮೇಲಿನ ನೆರಳು ಬೆಳಕಿಗೆ ಚರ್ಮಕ್ಕೆ ಬಳಸುವ ಪ್ರಾಸ್-ಏಡ್ ಅಂಟು ಮತ್ತು ಅಕ್ರಿಲಿಕ್ ಬಣ್ಣವನ್ನು ಹೆಚ್ಚುಕಡಿಮೆ ಸಮಸಮ ಬೆರೆಸಿ ಹಚ್ಚಿ. ಪ್ಯಾಕ್ಸ್ ಎನ್ನುತ್ತಾರಲ್ಲ, ಅದೇ. ರಬ್ಬರಿನ ಜೊತೆಗೇ ಹಿಗ್ಗುತ್ತದೆ. ಒಣಗಿದರೂ ಜಿಗುಟು ಉಳಿಯುತ್ತದೆ, ಪೌಡರ್ ಹಾಕದೆ ಬಿಡಬೇಡಿ. ಗುಳಿಗಳಿಗೆ ಕಪ್ಪು ಹಾಕಿದರೆ ಮುಖ ಕೊಳೆತಂತೆ ಕಾಣುತ್ತದೆ. ನೀಲಿ ಬೆರೆತ ಕಡುಹಸಿರು ಹಾಕಿ, ಉಬ್ಬುಗಳಿಗೆ ಹಳದಿ ಬೆರೆತ ಎಳೆಹಸಿರು.

ಚರ್ಮದ ಭಾಗಕ್ಕೆ, ಅದರಲ್ಲೂ ಕಣ್ಣಿನ ಹತ್ತಿರ, ಪ್ಯಾಕ್ಸ್ ಬೇಡ. ಕ್ರಯೋಲಾನ್‌ನ ಆಕ್ವಾಕಲರ್ ನನಗೆ ಇಷ್ಟ, ಹಚ್ಚುವುದೂ ತೊಳೆಯುವುದೂ ಸುಲಭ. ಆದರೆ ಅದು ನೀರಿನ ಬಣ್ಣ. ಬೆವರುವ ನಟನ ಮೇಲ್ತುಟಿಯಲ್ಲಿ ಅರ್ಧ ಗಂಟೆ ನಿಲ್ಲುವುದು ಕಷ್ಟ. ನಿಮ್ಮ ನಾಟಕದಲ್ಲಿ ಕುಣಿತ ಬೇರೆ ಇದೆ ಎಂದಿದ್ದೀರಿ, ಆದ್ದರಿಂದ ಬಾಯಿಯ ಸುತ್ತ ಅದೇ ಕಂಪನಿಯ ಸುಪ್ರಾಕಲರ್‌ನಂಥ ಜಿಡ್ಡಿನ ಬಣ್ಣ ಹಚ್ಚಿ, ಚೆನ್ನಾಗಿ ಪೌಡರ್ ಒತ್ತಿ, ಮೇಲೆ ಬಣ್ಣ ಅಳಿಯದಂತೆ ಹಿಡಿದಿಡುವ ಬೆನ್ ನೈ ಫೈನಲ್ ಸೀಲ್ ಸಿಂಪಡಿಸಿ. ಕಣ್ಣು ಮುಚ್ಚಿಸಿಯೇ ಸಿಂಪಡಿಸಿ.

ಅಂಟಿಸುವ ಮೊದಲು ನಟನ ಮೊಳಕೈ ಒಳಭಾಗದಲ್ಲಿ ಲ್ಯಾಟೆಕ್ಸ್, ಅಂಟು, ಬಣ್ಣ ಮೂರನ್ನೂ ಹಿಂದಿನ ದಿನವೇ ಹಚ್ಚಿ ನೋಡಿ. ಲ್ಯಾಟೆಕ್ಸ್ ಅಲರ್ಜಿ ಇರುವವರಿಗೆ ಅದು ತುರಿಕೆಗೇ ನಿಲ್ಲುವುದಿಲ್ಲ, ಉಸಿರಾಟಕ್ಕೂ ತೊಂದರೆಯಾಗಬಹುದು. ಬಲೂನು ಊದಿದರೆ ತುಟಿ ಊದುತ್ತದೆ ಎಂದು ಹೇಳಿದವರ ಮುಖಕ್ಕೆ ಲ್ಯಾಟೆಕ್ಸ್ ತಾಗಿಸಲೇಬೇಡಿ, ಪರೀಕ್ಷೆಗೆಂದೂ ಬೇಡ. ಅಂಟಿಸಿದ ತುಂಡು ಬಿಡಿಸುವಾಗ ಎಳೆಯಬೇಡಿ, ಅಂಟು ಬಿಡಿಸುವ ರಿಮೂವರ್ ಹಾಕಿ ಕಾಯಿರಿ. ತೆಳು ಅಂಚು ಎರಡನೆಯ ಪ್ರದರ್ಶನಕ್ಕೆ ಉಳಿಯುವುದಿಲ್ಲ, ಆದ್ದರಿಂದ ಪ್ರದರ್ಶನಕ್ಕೊಂದು ಜೊತೆ, ತಾಲೀಮಿಗೆ ಒಂದು ಜೊತೆ ಎಂದು ಎಣಿಸಿ ಮೊದಲೇ ಮಾಡಿಟ್ಟುಕೊಳ್ಳಿ. ಬಿಸಿಲು ತಾಗದ ಡಬ್ಬಿಯಲ್ಲಿ, ಪೌಡರ್ ಹಾಕಿ, ಮಡಚದೆ ಇಡಿ.

ಹಸಿರು ಮುಖದ ದೊಡ್ಡ ಕೃತಕ ಹಲ್ಲಿನ ಬಗ್ಗೆ ಕೆಳಗೆ ಒಬ್ಬರು ಕೇಳಿದ್ದಾರೆ. ಚಿತ್ರದ ಆ ಹಲ್ಲುಗಳನ್ನು ಮಾತಿಲ್ಲದ ದೃಶ್ಯಗಳಿಗೆಂದು ಮಾಡಿದ್ದರು. ಅವನ್ನು ಹಾಕಿಕೊಂಡೇ ಮಾತಾಡುವುದನ್ನು ಕ್ಯಾರಿ ಅಭ್ಯಾಸ ಮಾಡಿಕೊಂಡರು. ಅಭ್ಯಾಸ ಎಂಬ ಮಾತನ್ನು ಗಮನಿಸಿ. ಹಲ್ಲನ್ನು ಪ್ರದರ್ಶನದ ದಿನ ಕೈಗೆ ಕೊಟ್ಟರೆ ‘ಸ’ ಮತ್ತು ‘ಶ’ ಎರಡೂ ಸೀಟಿಯಾಗುತ್ತವೆ. ಮೊದಲ ತಾಲೀಮಿನಿಂದಲೇ ಹಾಕಿಸಿ. ಹಲ್ಲು ಅಂಟಿಸಲೆಂದು ಸೂಪರ್ ಗ್ಲೂ ಬಾಯಿಯ ಹತ್ತಿರಕ್ಕೂ ಬರಬಾರದು.

ದೀಪದವರ ಜೊತೆ ಈಗಲೇ ಕುಳಿತು ಮಾತಾಡಿ. ಕ್ಲಬ್ಬಿನ ದೃಶ್ಯಕ್ಕೆ ಕೆಂಪು ದೀಪ ಎಂದು ಎಲ್ಲರಿಗೂ ಮೊದಲು ತೋಚುತ್ತದೆ. ಹಸಿರು ಮುಖ ಕೆಂಪು ಬೆಳಕಿನಲ್ಲಿ ಮಸಿ ಬಳಿದಂತೆ ಕಪ್ಪಾಗುತ್ತದೆ, ನಿಮ್ಮ ನೆರಳು ಬೆಳಕಿನ ಕೆಲಸವೆಲ್ಲ ಮಾಯ. ಕೆಂಪು ಹಿಂದಿನ ಪರದೆಗೆ ಇರಲಿ, ಮುಖಕ್ಕೆ ಬಿಳಿ. ಕಡು ಹಳದಿ ದೀಪದಲ್ಲಿ ಹಳದಿ ಕೋಟು ಪೇಲವವಾಗುತ್ತದೆ, ಅದನ್ನೂ ತಾಲೀಮಿನಲ್ಲೇ ಪರೀಕ್ಷಿಸಿ. ಅಂದ ಹಾಗೆ ಅದು ಝೂಟ್ ಸೂಟ್ (zoot suit), ಸೆಣಬಿನದಲ್ಲ: ಅಗಲ ಹೆಗಲು, ಮೊಣಕಾಲಿನವರೆಗೆ ಇಳಿಯುವ ಕೋಟು, ಪಾದದ ಬಳಿ ಬಿಗಿಯಾಗುವ ಸಡಿಲ ಪ್ಯಾಂಟು. ಮಾಮೂಲಿ ಕೋಟಿಗೆ ಹಳದಿ ಬಣ್ಣ ಅದ್ದಿದರೆ ಆ ಆಕಾರ ಬರುವುದಿಲ್ಲ.

ಕೊನೆಗೆ ಬ್ಯಾಂಕ್ ಗುಮಾಸ್ತ ಸ್ಟಾನ್ಲಿ ಇಪ್ಕಿಸ್‌ನ ವಿಷಯ. ನಿಮ್ಮ ಪಟ್ಟಿಯಲ್ಲಿ ಆತನಿಗೆ ‘ಸಾದಾ ಉಡುಪು’ ಎಂದು ಎರಡೇ ಪದ ಬರೆದಿದ್ದೀರಿ. ಆ ನಾಚಿಕೆಯ ಮನುಷ್ಯ ಸರಿಯಾಗಿ ಕಾಣದಿದ್ದರೆ ಹಸಿರು ಮುಖಕ್ಕೆ ಬೆಲೆಯೇ ಇಲ್ಲ. ಮನೆಯಲ್ಲಿ ಕಾರ್ಟೂನ್ ನೋಡಿ ನಗುವವನು ಆತ, ಮರದ ಮುಖವಾಡ ಹೊರಗೆ ತರುವುದು ಆತನೊಳಗೆ ಮೊದಲೇ ಇದ್ದ ಆ ಕಾರ್ಟೂನನ್ನೇ. ಕೆನ್ನೆಗೆ ಏನೂ ಬಣ್ಣ ಹಚ್ಚಬೇಡಿ, ಹೆಗಲು ಕುಗ್ಗಿಸುವ ಬಿಗಿ ಕೋಟು ಕೊಡಿ. ಅದೇ ನಟ ಎರಡೂ ಪಾತ್ರ ಮಾಡುವುದಾದರೆ ಪ್ರಸಾಧನಕ್ಕೆ ಮಧ್ಯಂತರದ ಸಮಯ ಸಾಲದು. ಪಾತ್ರಕ್ಕೆ ಇಬ್ಬರನ್ನು ಇಟ್ಟುಕೊಳ್ಳಿ, ಒಂದೇ ಎತ್ತರ, ಒಂದೇ ನಡಿಗೆ. ಮೊದಲನೆಯವನು ಮರದ ಮುಖವಾಡವನ್ನು ಮುಖಕ್ಕೆ ಒತ್ತಿಕೊಂಡು ಗಿರಗಿರನೆ ತಿರುಗುತ್ತ ಕತ್ತಲಿಗೆ ಹೋಗಲಿ, ಎರಡನೆಯವನು ತಿರುಗುತ್ತಲೇ ಬೆಳಕಿಗೆ ಬರಲಿ. ಆ ಮರದ ಮುಖವಾಡವನ್ನು ಮಾತ್ರ ನಿಜವಾದ ಮರದಲ್ಲಿ ಕೆತ್ತಬೇಡಿ, ತಿರುಗುವಾಗ ಕೈಜಾರಿದರೆ ಮುಂದಿನ ಸಾಲಿನವರ ಹಣೆಗೆ ಬೀಳುತ್ತದೆ. ಕಾಗದದ ಮುದ್ದೆಯಲ್ಲಿ ಮಾಡಿ, ಮೇಲೆ ಮರದ ನಾರಿನ ಗೆರೆ ಎಳೆಯಿರಿ.

ಈಗ ಮಾಡಿರುವ ತಲೆಯನ್ನು ಎಸೆಯಬೇಡಿ. ಹಣೆಯ ಭಾಗ ಚೆನ್ನಾಗಿದೆ, ಹುಬ್ಬಿನ ಕೆಳಗೆ ಕತ್ತರಿಸಿ ನೆತ್ತಿಯ ತುಂಡಾಗಿ ಉಳಿಸಿಕೊಳ್ಳಿ. ಹೊಸ ಕೆನ್ನೆ ತುಂಡನ್ನು ಬಣ್ಣ ಹಚ್ಚುವ ಮೊದಲೇ ನಟನಿಗೆ ಅಂಟಿಸಿ, ಬಾಯಿ ತೆರೆಸಿ, ನಗಿಸಿ, ಆ ಫೋಟೋ ಇಲ್ಲಿ ಹಾಕಿ. ಅಂಚು ಎಲ್ಲಿ ಏಳುತ್ತಿದೆ ಎಂದು ನೋಡಿ ಹೇಳುತ್ತೇನೆ.