‘ನಾನಂತೂ ಹಾಕ್ತೀನಿ, ಬೇರೆಯವರು ಹಾಕಲ್ಲ’

ರಾಜಾಜಿನಗರದ ಓದುಗರೊಬ್ಬರ ಪತ್ರದ ಸಾರ ಇಷ್ಟು: ಕಸ, ಒಳಚರಂಡಿ, ಬೀದಿದೀಪ ಅಂತ ವರ್ಷಗಟ್ಟಲೆ ಓಡಾಡಿದ ಅವರ ವಾರ್ಡಿನ ಹುಡುಗನೊಬ್ಬ ಪಾಲಿಕೆ ಚುನಾವಣೆಗೆ ನಿಲ್ಲುವ ಯೋಚನೆಯಲ್ಲಿದ್ದಾನೆ. ತಾನು ಗೇ ಎಂಬುದನ್ನು ಆತ ಮುಚ್ಚಿಟ್ಟಿಲ್ಲ. ‘ನಮ್ಮ ನಿವಾಸಿಗಳ ಸಂಘದಲ್ಲಿ ಎಲ್ಲರದೂ ಒಂದೇ ಮಾತು: ನಾನಂತೂ ಹಾಕ್ತೀನಿ, ಬೇರೆಯವರು ಹಾಕಲ್ಲ, ಠೇವಣಿಯೂ ಉಳಿಯಲ್ಲ ಅಂತ. ಹೊರದೇಶದಲ್ಲಿ ಇಂಥವರು ಗೆದ್ದಿರಬಹುದು, ಬೆಂಗಳೂರಲ್ಲಿ ಆಗುತ್ತದೆಯೇ?’

ಮಾನ್ಯರೇ,

ಎಲ್ಲರೂ ‘ನಾನು ಹಾಕ್ತೀನಿ’ ಅಂದಮೇಲೆ ಆ ಹಾಕದ ‘ಬೇರೆಯವರು’ ಯಾರು ಎಂದು ಸಂಘದ ಮುಂದಿನ ಸಭೆಯಲ್ಲಿ ಕೇಳಿ ನೋಡಿ. ತಮಾಷೆಗೆ ಹೇಳುತ್ತಿಲ್ಲ. ಮಾಗ್ನಿ ಮತ್ತು ರೆನಾಲ್ಡ್ಸ್ ಎಂಬ ಇಬ್ಬರು ವಿದ್ವಾಂಸರು ಅಮೆರಿಕ, ಬ್ರಿಟನ್, ನ್ಯೂಜಿಲೆಂಡ್ ಮತದಾರರ ಮುಂದೆ ಕಲ್ಪಿತ ಅಭ್ಯರ್ಥಿಗಳನ್ನು ಜೋಡಿ ಜೋಡಿಯಾಗಿ ಇಟ್ಟು, ಯಾರಿಗೆ ಹಾಕುತ್ತೀರಿ ಎಂದು ಕೇಳಿದ್ದರು. ಗೇ ಅಭ್ಯರ್ಥಿಗೆ ಅಮೆರಿಕದಲ್ಲಿ ಹೊಡೆತ ಜೋರಾಗಿಯೇ ಬಿತ್ತು, ಬ್ರಿಟನ್ನಿನಲ್ಲಿ ಕಡಿಮೆ, ನ್ಯೂಜಿಲೆಂಡಿನಲ್ಲಿ ಅಷ್ಟಾಗಿ ಬೀಳಲಿಲ್ಲ. ಕಾರಣಗಳಲ್ಲಿ ನೇರ ಅಸಹನೆ ಇತ್ತು, ಜೊತೆಗೆ ‘ಇವನು ಗೆಲ್ಲಲ್ಲ’ ಎಂಬ ಲೆಕ್ಕಾಚಾರವೂ ಇತ್ತು. ಅಂದರೆ ತನಗೆ ಯಾವ ತಕರಾರೂ ಇಲ್ಲದವನು ಸಹ ಪಕ್ಕದ ಮನೆಯವನ ತಕರಾರನ್ನು ತಾನೇ ಊಹಿಸಿಕೊಂಡು ವೋಟು ಬದಲಾಯಿಸುತ್ತಾನೆ.

ತಾನು ಗೇ ಎಂದು ಹೇಳಿಕೊಂಡೇ ಚುನಾವಣೆಗೆ ನಿಂತ ಅಮೆರಿಕದ ಹಾರ್ವೆ ಮಿಲ್ಕ್ ಕತೆಯಲ್ಲಿ ನಮಗೆ ಬೇಕಾದ್ದು ಆತನ ಸೋಲುಗಳು. ಸ್ಯಾನ್ ಫ್ರಾನ್ಸಿಸ್ಕೊ ನಗರಸಭೆಗೆ 1973 ಮತ್ತು 1975ರಲ್ಲಿ ನಿಂತಾಗ ಇಡೀ ನಗರವೇ ಒಂದು ಕ್ಷೇತ್ರ. ಎರಡೂ ಸಲ ಸೋತ. ಆಮೇಲೆ ನಮ್ಮ ವಾರ್ಡುಗಳ ಹಾಗೆ ನಗರವನ್ನು ಭಾಗ ಮಾಡಿದರು. 1977ರಲ್ಲಿ ತಾನು ಕ್ಯಾಮೆರಾ ಅಂಗಡಿ ಇಟ್ಟಿದ್ದ ಬಡಾವಣೆಯಿಂದಲೇ ಗೆದ್ದ. ಅಲ್ಲಿ ಸಲಿಂಗಿಗಳು ದೊಡ್ಡ ಸಂಖ್ಯೆಯಲ್ಲಿದ್ದರು, ಅದು ನಿಜ. ನಿಮ್ಮ ಹುಡುಗನಿಗೆ ಆ ಅನುಕೂಲ ಇಲ್ಲ. ಆದರೆ ಗೆದ್ದು ಬಂದವನು ಸಲಿಂಗಿಗಳ ಹಕ್ಕಿನ ಕಾನೂನಿನ ಜೊತೆಗೇ ಹಟ ಹಿಡಿದು ಮಾಡಿಸಿದ ಇನ್ನೊಂದು ಕಾನೂನು ಏನು ಗೊತ್ತೇ? ನಾಯಿ ಸಾಕಿದವರು ಬೀದಿಯಲ್ಲಿ ಅದರ ಹೇಲನ್ನು ತಾವೇ ಎತ್ತಬೇಕು ಅನ್ನುವುದು. (ಬೆಳಿಗ್ಗೆ ವಾಕಿಂಗ್ ಹೋಗುವ ಬೆಂಗಳೂರಿಗರು ಇಷ್ಟಕ್ಕೇ ವೋಟು ಹಾಕಿಯಾರು.) ಹ್ಯೂಸ್ಟನ್ನಿನ ಆನೀಸ್ ಪಾರ್ಕರ್ 2009ರಲ್ಲಿ ಮೇಯರ್ ಆದಾಗಲೂ ಹೀಗೇ. ಆಕೆ ಲೆಸ್ಬಿಯನ್ ಎಂಬುದನ್ನೇ ಹಿಡಿದು ವಿರೋಧಿಗಳು ಕರಪತ್ರ ಹಂಚಿದರು. ಆದರೆ 1998ರಿಂದ ಮೊದಲು ನಗರಸಭೆ ಸದಸ್ಯೆಯಾಗಿ, ಆಮೇಲೆ ನಗರದ ಲೆಕ್ಕಪತ್ರ ನೋಡುವವರಾಗಿ ಆಕೆಯನ್ನು ಊರು ಕಂಡಿತ್ತು.

ಹೊರದೇಶ ಸಾಕು. ಮೇಲೆ ಹೇಳಿದ ಅಧ್ಯಯನದಲ್ಲಿ ಅತಿ ಹೆಚ್ಚು ಹೊಡೆತ ತಿಂದವರು ಟ್ರಾನ್ಸ್‌ಜೆಂಡರ್ ಅಭ್ಯರ್ಥಿಗಳು. ನಮ್ಮ ದೇಶದಲ್ಲಿ ನೋಡಿ, ಗೆದ್ದು ಸುದ್ದಿಯಾದವರೇ ಅವರು. 2000ರಲ್ಲಿ ಮಧ್ಯಪ್ರದೇಶದ ಸೊಹಾಗ್‌ಪುರದಲ್ಲಿ ಶಬನಂ ಮೌಸಿ ಶಾಸಕಿಯಾದರು. 2015ರಲ್ಲಿ ಛತ್ತೀಸಗಢದ ರಾಯಗಢದಲ್ಲಿ ಪಕ್ಷೇತರರಾಗಿ ನಿಂತ ಮಧು ಕಿನ್ನರ್ ಬಿಜೆಪಿ ಅಭ್ಯರ್ಥಿಯನ್ನು 4,537 ಮತಗಳಿಂದ ಸೋಲಿಸಿ ಮೇಯರ್ ಆದರು. 2022ರಲ್ಲಿ ವೆಲ್ಲೂರು ಪಾಲಿಕೆಗೆ ಗಂಗಾ ಆಯ್ಕೆಯಾದರು. ಹೆಂಡತಿ ಮಕ್ಕಳಿಲ್ಲದವರು ಯಾರಿಗೆ ಅಂತ ದುಡ್ಡು ಮಾಡಿಯಾರು ಎಂಬ ಮಾತು ಇಂಥವರ ಪರವಾಗಿ ಕೆಲಸ ಮಾಡುತ್ತದೆ. ಅದರಲ್ಲಿ ಹುರುಳಿದೆಯೋ ಇಲ್ಲವೋ, ಅವರು ಯಾರೆಂದು ಜನಕ್ಕೆ ಮೊದಲೇ ಗೊತ್ತು. ಗೇ ಗಂಡಸು ಹಾಗಲ್ಲ. ಜನಕ್ಕೆ ಅವನು ‘ಇನ್ನೂ ಮದುವೆಯಾಗದ ಹುಡುಗ’, ಅಷ್ಟೇ.

ನಮ್ಮಲ್ಲಿ ಪ್ರಚಾರ ಅನ್ನುವುದೇ ಸಂಸಾರ ಸಮೇತ ಮಾಡುವ ಕೆಲಸ. ಅಭ್ಯರ್ಥಿ ಬೀದಿಯಲ್ಲಿ ಕೈ ಮುಗಿಯುತ್ತಿದ್ದರೆ ಹೆಂಡತಿ ಅರಿಶಿನ ಕುಂಕುಮದ ತಟ್ಟೆ ಹಿಡಿದು ಅಡುಗೆಮನೆಯವರೆಗೂ ಹೋಗಿ ಬರುತ್ತಾಳೆ. ಈ ಹುಡುಗನ ಜೊತೆ ಒಳಗೆ ಹೋಗುವವರು ಯಾರು? ಅಮ್ಮನೋ ಅಕ್ಕನೋ ಬರಲು ಒಪ್ಪಿದರೆ ಅರ್ಧ ಚುನಾವಣೆ ಗೆದ್ದಂತೆ ಎಂದೇ ನನ್ನ ಎಣಿಕೆ. 2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟ್ ಸಲಿಂಗ ಸಂಬಂಧವನ್ನು ಅಪರಾಧ ಮಾಡಿದ್ದ 377ನೇ ಕಲಮಿನ ಹಲ್ಲು ಕಿತ್ತಿತು, ಸರಿ. 2023ರ ಅಕ್ಟೋಬರ್‌ನಲ್ಲಿ ಅದೇ ಕೋರ್ಟ್ ಸಲಿಂಗ ಮದುವೆಗೆ ಮಾನ್ಯತೆ ಕೊಡಲಿಲ್ಲ. ಹಾಗಾಗಿ ಎಷ್ಟು ವರ್ಷ ಜೊತೆಗೆ ಬಾಳಿದವರಿದ್ದರೂ ಕಾನೂನಿನ ಕಣ್ಣಲ್ಲಿ, ಕಾಗದಪತ್ರದಲ್ಲಿ ಆತ ಅವಿವಾಹಿತನೇ.

ಅದಕ್ಕೂ ಮೊದಲು ಟಿಕೆಟ್ ಸಿಗಬೇಕಲ್ಲ. ಅಲ್ಲಿ ಕೇಳುವ ಮೊದಲ ಪ್ರಶ್ನೆ ‘ಯಾವ ಜನ?’, ಎರಡನೆಯದು ‘ಎಷ್ಟು ಹಾಕ್ತೀರ?’ ನಿಮ್ಮ ಹುಡುಗ ಗೇ ಎಂಬ ವಿಷಯ ಮೂರನೆಯದಾಗಿ ಬಂದು, ಮೊದಲೆರಡಕ್ಕೆ ಸರಿಯಾದ ಉತ್ತರವಿಲ್ಲದಿದ್ದರೆ ಒಳ್ಳೆಯ ನೆಪವಾಗುತ್ತದೆ. ‘ನಮಗೇನಿಲ್ಲ ಸಾರ್, ಜನ ಒಪ್ಪಲ್ಲ’ ಅನ್ನುತ್ತಾರೆ. ನಿಮ್ಮ ಸಂಘದ ಮಾತೇ, ಪಕ್ಷದ ಕಚೇರಿಯಲ್ಲಿ. ಮತದಾರನ ಬಳಿ ಕೇಳುವ ಮೊದಲೇ ಅವನ ಹೆಸರಲ್ಲಿ ಬಾಗಿಲು ಮುಚ್ಚುವ ಈ ಜಾಣತನವೇ ನನಗೆ ಮತದಾರನ ಅಸಹನೆಗಿಂತ ದೊಡ್ಡ ಅಡ್ಡಿಯಾಗಿ ಕಾಣುತ್ತದೆ.

ಆದ್ದರಿಂದ ನಿಲ್ಲಲಿ ಅನ್ನುತ್ತೇನೆ, ಪಕ್ಷೇತರನಾಗಿಯಾದರೂ ಸರಿ. ವಿಷಯವನ್ನು ಮೊದಲ ಸಭೆಯಲ್ಲೇ ತಾನಾಗಿ ಹೇಳಿ ಕಸದ ಮಾತಿಗೆ ಬರಲಿ. ಇಲ್ಲದಿದ್ದರೆ ಮತದಾನದ ಹಿಂದಿನ ರಾತ್ರಿ ಎದುರಾಳಿಗಳು ವಾಟ್ಸ್‌ಆ್ಯಪಿನಲ್ಲಿ ಅವರ ಧಾಟಿಯಲ್ಲಿ ಹೇಳುತ್ತಾರೆ. 2015ರ ಬಿಬಿಎಂಪಿ ಚುನಾವಣೆಯಲ್ಲಿ ಅರ್ಧಕ್ಕರ್ಧ ಮತದಾರರು ಬೂತಿನ ಕಡೆ ತಲೆ ಹಾಕಿರಲಿಲ್ಲ. ಅವನ ಪರವಾಗಿ ಮಾತಾಡುವ ಅಪಾರ್ಟ್‌ಮೆಂಟಿನ ಹುಡುಗ ಹುಡುಗಿಯರಲ್ಲಿ ಎಷ್ಟು ಜನರ ಹೆಸರು ನಿಮ್ಮ ವಾರ್ಡಿನ ಪಟ್ಟಿಯಲ್ಲಿದೆ, ಎಷ್ಟು ಜನರದ್ದು ಇನ್ನೂ ಹಾಸನ, ಹುಬ್ಬಳ್ಳಿಯಲ್ಲೇ ಉಳಿದಿದೆ? ‘ನಾನಂತೂ ಹಾಕ್ತೀನಿ’ ಅಂದವರದ್ದನ್ನೂ ಸೇರಿಸಿ, ಅದನ್ನೊಂದು ಈ ವಾರ ನೋಡಿಬಿಡಿ.

— ಸಂ.